ಬಂದವರ ಓಣಿ, ಬಾರದವರ ಪ್ಲಾಟು

ಬಸವಕಲ್ಯಾಣದಲ್ಲಿ ಬಂದವರ ಓಣಿ ಎಂಬ ಹಳೆಯ ಓಣಿಯೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ದೂರದೂರದ ನಾಡುಗಳಿಂದ ಕಲ್ಯಾಣಕ್ಕೆ ಬಂದ ಶರಣರು ಇಳಿದುಕೊಂಡಿದ್ದು ಅಲ್ಲೇ ಎಂದು ಊರಿನವರು ಹೇಳುತ್ತಾರೆ. ಕಾಶ್ಮೀರದಿಂದ ಬಂದ ಮೋಳಿಗೆ ಮಾರಯ್ಯ, ಸೌರಾಷ್ಟ್ರದಿಂದ ಬಂದ ಆದಯ್ಯ, ಹೀಗೆ ಆ ಕಾಲದ ಕಥೆಗಳ ತುಂಬ ಬಂದವರೇ ಇದ್ದಾರೆ. ಊರೊಂದರ ನೆಲಕ್ಕೆ ಬೆಲೆ ಹೇಗೆ ಹುಟ್ಟುತ್ತದೆ ಎಂಬುದರ ಅತ್ಯಂತ ಹಳೆಯ ವಿವರಣೆ ಆ ಓಣಿಯ ಹೆಸರಿನಲ್ಲೇ ಅಡಗಿದೆ. ಜನ ಬರುತ್ತಾರೆ, ಇರಲು ಜಾಗ ಕೇಳುತ್ತಾರೆ.

ಅಲ್ಲಿಂದ ಹೆದ್ದಾರಿಯ ಕಡೆ, ಸಸ್ತಾಪುರ ಬಂಗ್ಲಾದ ದಿಕ್ಕಿಗೆ ಹೊರಟರೆ ಬೇರೊಂದು ಬಗೆಯ ಓಣಿಗಳು ಸಿಗುತ್ತವೆ. ಸಿಮೆಂಟಿನ ಕಮಾನು, ಮೊರಂ ಹಾಕಿದ ರಸ್ತೆ, ಸುಣ್ಣ ಬಳಿದ ಗಡಿಗಲ್ಲು, ದೇವರದೋ ಶರಣರದೋ ಒಂದು ಹೆಸರು. ನೋಡನೋಡುತ್ತ ತೊಗರಿಯ ಹೊಲ ‘ನಗರ’ವಾಗಿದೆ. ಕಲ್ಲುಗಳ ನಡುವೆ ಮಾತ್ರ ಹುಲ್ಲು ಬೆಳೆದಿದೆ. ಇವುಗಳನ್ನು ಬಾರದವರ ಓಣಿ ಎನ್ನಬಹುದು.

ಹುಮನಾಬಾದಿನಲ್ಲಿ ಚಹಾದ ಅಂಗಡಿಯ ಮುಂದೆ ನಿಂತರೆ ಸೋಯಾಬೀನ್ ದರದಷ್ಟೇ ಸಲೀಸಾಗಿ ಇನ್ನೊಂದು ಪ್ರಶ್ನೆ ಕಿವಿಗೆ ಬೀಳುತ್ತದೆ: “ಆ ಕಡಿ ಪ್ಲಾಟ್ ರೇಟ್ ಏನ್ ನಡದದ್ರೀ?” ಉತ್ತರ ಯಾವಾಗಲೂ ಹೋದ ವರ್ಷಕ್ಕಿಂತ ಹೆಚ್ಚು. ಈ ಏರಿಕೆ ನಿಜವಾದ ಬೇಡಿಕೆಯಿಂದ ಬಂದದ್ದೋ, ಊದಿದ ಗುಳ್ಳೆಯೋ ಎಂಬುದೇ ಈ ದತ್ತಿ ಉಪನ್ಯಾಸದ ವಿಷಯ.

ದತ್ತಿ ಉಪನ್ಯಾಸಕ್ಕೆ ಈ ವಿಷಯ ಒಗ್ಗುವುದಕ್ಕೆ ಒಂದು ತಮಾಷೆಯ ಕಾರಣವೂ ಇದೆ. ದತ್ತಿ ನಡೆಯುವುದು ಇಡುಗಂಟಿನ ಬಡ್ಡಿಯಿಂದ. ಅಸಲನ್ನು ಯಾರೂ ಮುಟ್ಟುವುದಿಲ್ಲ. ಅದರಿಂದ ಹುಟ್ಟಿದ್ದರಲ್ಲೇ ವರ್ಷಕ್ಕೊಂದು ಉಪನ್ಯಾಸ, ಒಂದು ಹಾರ, ಒಂದಿಷ್ಟು ಉಪ್ಪಿಟ್ಟು. ದಾನಿಯೊಬ್ಬರು ಹಣದ ಬದಲು ಹೆದ್ದಾರಿ ಪಕ್ಕದ ಖುಲ್ಲಾ ಪ್ಲಾಟೊಂದನ್ನು ದತ್ತಿಯಾಗಿ ಕೊಟ್ಟರೆ ಉಪನ್ಯಾಸ ನಡೆಯುವುದೇ ಇಲ್ಲ. ಪ್ಲಾಟಿನ ಬೆಲೆ ದುಪ್ಪಟ್ಟಾಗಬಹುದು, ಆದರೆ ಮಾರುವ ತನಕ ಅದರಿಂದ ಒಂದು ಕಪ್ ಚಹಾ ಕೂಡ ಹುಟ್ಟದು. ಇದೇ ನೆಲದ ಕಲ್ಯಾಣ ಚಾಲುಕ್ಯರ ಶಾಸನಗಳನ್ನು ನೋಡಿದರೆ ಅಲ್ಲಿಯೂ ದತ್ತಿಗಳೇ. ಇಷ್ಟು ಮತ್ತರು ಭೂಮಿ, ಇಷ್ಟು ಗದ್ಯಾಣ ಹೊನ್ನು, ದೇವರ ಪೂಜೆಗೆ, ಓದುವ ಮಕ್ಕಳ ಊಟಕ್ಕೆ. ಆ ಕಾಲದವರು ಭೂಮಿಯನ್ನು ತೂಗುತ್ತಿದ್ದುದು ಅದರ ಹುಟ್ಟುವಳಿಯಿಂದ. ಮುಂದಿನ ವರ್ಷ ಅದನ್ನು ಎಷ್ಟಕ್ಕೆ ಮಾರಬಹುದು ಎಂಬ ಲೆಕ್ಕ ಶಾಸನದ ಕಲ್ಲಿಗೆ ಬೇಕಿರಲಿಲ್ಲ.

ಗುಳ್ಳೆಯನ್ನು ಗುರುತಿಸುವ ಮೊದಲ ಪರೀಕ್ಷೆಯೂ ಇದೇ. ಸುಮ್ಮನೆ ಲೆಕ್ಕಕ್ಕೆಂದು, 30×40ರ ಒಂದು ಪ್ಲಾಟಿಗೆ 12 ಲಕ್ಷ, ಮನೆ ಕಟ್ಟಲು 20 ಲಕ್ಷ ಹಿಡಿಯೋಣ. ತಾಲ್ಲೂಕು ಊರಿನಲ್ಲಿ ಆ ಮನೆಗೆ ತಿಂಗಳಿಗೆ 8,000 ಬಾಡಿಗೆ ಬಂದರೆ ವರ್ಷಕ್ಕೆ 96,000. ಹಾಕಿದ 32 ಲಕ್ಷಕ್ಕೆ ಅದು ಶೇ 3. ಬ್ಯಾಂಕಿನ ಠೇವಣಿ ಇದರ ಎರಡರಷ್ಟು ಕೊಡುತ್ತದೆ. ಹಾಗಿದ್ದೂ ಜನ ಕೊಳ್ಳುತ್ತಾರೆಂದರೆ ಅವರು ಬಾಡಿಗೆಯನ್ನು ನಂಬಿಲ್ಲ, ಬೆಲೆ ಏರುತ್ತದೆ ಎಂಬುದನ್ನು ನಂಬಿದ್ದಾರೆ. ಏರುತ್ತದೆ ಎಂದು ಕೊಳ್ಳುತ್ತಾರೆ, ಕೊಳ್ಳುವುದರಿಂದ ಏರುತ್ತದೆ. ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಶಿಲ್ಲರ್ ಗುಳ್ಳೆಯ ಈ ಸುತ್ತನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರು. 2013ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಪ್ರಕಾರ ಗುಳ್ಳೆ ಹರಡುವುದು ಕಥೆಗಳ ಮೂಲಕ. ಪಕ್ಕದ ಮನೆಯವನು ಗೆದ್ದ ಕಥೆ ಸೋಂಕಿನಂತೆ ದಾಟುತ್ತದೆ. ಇದನ್ನು ತಿಳಿಯಲು ಬೀದರ ಜಿಲ್ಲೆಯವರು ಯೇಲ್‌ಗೆ ಹೋಗಬೇಕಿಲ್ಲ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತರೆ ಸಾಕು.

ಹಾಗೆಂದು ಎಲ್ಲವನ್ನೂ ಗುಳ್ಳೆ ಎಂದು ತಳ್ಳಿಹಾಕುವುದು ಸೋಮಾರಿತನ. ಬೇಡಿಕೆ ಇದೆ, ಅದಕ್ಕೆ ಬೇರೂ ಇದೆ. ಒಂದು ಬೇರು ಕಲ್ಯಾಣದಷ್ಟೇ ಹಳೆಯದು.

ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅವನ ವಾದ ಬಂಗಾಳದಂಥ ಕಡೆ ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಕಾನೂನಾಯಿತು. ಬ್ರಿಟಿಷರ ಕೋರ್ಟುಗಳು ಅದನ್ನು ಉಲ್ಲೇಖಿಸಿದವು, ಇಂದಿನ ಕೋರ್ಟುಗಳೂ ಉಲ್ಲೇಖಿಸುತ್ತವೆ. ಮಗಳಿಗೆ ಆ ಹಕ್ಕು ಸಿಗಲು ಸುಮಾರು ಒಂಬೈನೂರು ವರ್ಷ ಹಿಡಿಯಿತು. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರ ಸೆಪ್ಟೆಂಬರ್ 9ರಂದು ಆ ಹಕ್ಕು ಕೊಡುವ ತಿದ್ದುಪಡಿಯನ್ನು ಜಾರಿಗೆ ತಂದವು. ತಂದೆ ಆ ದಿನ ಬದುಕಿದ್ದರೂ ಇಲ್ಲದಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು.

ನೆಲದ ಬೆಲೆಗೂ ಇದಕ್ಕೂ ಏನು ಸಂಬಂಧ? ಪಾಲಾಗುವ ಪ್ರತಿ ಮನೆಯೂ ಒಂದರ ಜಾಗದಲ್ಲಿ ಎರಡು ಮೂರು ಅಡುಗೆಮನೆಗಳನ್ನು ಕೇಳುತ್ತದೆ. ನಾಲ್ಕು ಅಣ್ಣತಮ್ಮಂದಿರ ವಾಡೆಯಲ್ಲಿ ಒಬ್ಬ ಶಿಕ್ಷಕ, ಒಬ್ಬ ಲಾರಿ ಮಾಲೀಕ, ಒಬ್ಬ ಹೈದರಾಬಾದಿನಲ್ಲಿ, ಒಬ್ಬ ಹೊಲದಲ್ಲಿ. ಪಾಲಿಗೆ ಬಂದ ಹೊಲ ಮಾರಿ ತಾಲ್ಲೂಕು ಊರಿನಲ್ಲಿ ಜಾಗ ಹಿಡಿಯುವುದು, ಮಕ್ಕಳನ್ನು ಅಲ್ಲಿನ ಇಂಗ್ಲಿಷ್ ಶಾಲೆಗೆ ಹಾಕುವುದು ಈಗಿನ ವಾಡಿಕೆ. ಜನಸಂಖ್ಯೆ ಹೆಚ್ಚದಿದ್ದರೂ ಮನೆಗಳ ಸಂಖ್ಯೆ ಹೆಚ್ಚುತ್ತದೆ. ಬೀದರ ಜಿಲ್ಲೆಯ ಮಟ್ಟಿಗೆ ಈ ಮಾತು ಮುಖ್ಯ, ಏಕೆಂದರೆ 2001ರಿಂದ 2011ರ ನಡುವೆ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ಸುಮಾರು ಶೇ 13. ಅದು ರಾಜ್ಯದ ಸರಾಸರಿಯಾದ ಸುಮಾರು ಶೇ 15.6ಕ್ಕಿಂತ ಕಡಿಮೆ. ಜಿಲ್ಲೆಯಲ್ಲಿ ಪಟ್ಟಣವಾಸಿಗಳು ನಾಲ್ವರಲ್ಲಿ ಒಬ್ಬರು. ಆಗ ಬಸವಕಲ್ಯಾಣ ಸುಮಾರು 70,000 ಜನರ ಊರು, ಹುಮನಾಬಾದ ಅದಕ್ಕಿಂತ ಚಿಕ್ಕದು. ಬರೀ ತಲೆ ಎಣಿಸಿ ಈ ಊರುಗಳ ಪ್ಲಾಟಿನ ಬೆಲೆಯನ್ನು ಸಮರ್ಥಿಸುವುದು ಕಷ್ಟ. ಒಲೆ ಎಣಿಸಿದರೆ ಒಂದಿಷ್ಟು ಸಮರ್ಥಿಸಬಹುದು.

ಎರಡನೆಯ ಬೇರು ರಸ್ತೆ. ಪುಣೆ, ಸೋಲಾಪುರ, ಹೈದರಾಬಾದನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 65 ಕಳೆದ ದಶಕದಲ್ಲಿ ನಾಲ್ಕು ಪಥವಾಯಿತು. ಬೀದರದಿಂದ ಕಲಬುರಗಿಗೆ ಹೋಗುವ ಹೆದ್ದಾರಿ 50 ಅದನ್ನು ಅಡ್ಡ ಹಾಯುವುದು ಹುಮನಾಬಾದಿನಲ್ಲಿ. ನಾಲ್ಕು ದಿಕ್ಕಿನ ಲಾರಿಗಳು ಅಲ್ಲಿ ನಿಲ್ಲುತ್ತವೆ. ಟೈರಿನ ಅಂಗಡಿ, ಗ್ಯಾರೇಜು, ಢಾಬಾ, ಗೋದಾಮು ಇವೆಲ್ಲ ನಿಜವಾಗಿ ದುಡಿಯುವ ಜಾಗಗಳು, ಅವಕ್ಕೆ ಬಾಡಿಗೆ ಕೊಡುವವರಿದ್ದಾರೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿಗೂ ಕೆಲಸಗಾರರು ಬೇಕು, ಅವರಿಗೆ ಖೋಲಿ ಬೇಕು. (ಅದೇ ಕಾರ್ಖಾನೆಗಳ ವಾಸನೆಯ ಬಗ್ಗೆ ಸುತ್ತಲಿನ ಹಳ್ಳಿಗಳ ದೂರು ಹಳೆಯದು. ಗಾಳಿ ಬೀಸುವ ದಿಕ್ಕು ನೋಡಿ ಪ್ಲಾಟು ಕೊಳ್ಳಿ ಎಂದು ಯಾವ ಕರಪತ್ರವೂ ಹೇಳುವುದಿಲ್ಲ.) ಊರಿನೊಳಗೆ, ಬಸ್ ನಿಲ್ದಾಣದ ಸುತ್ತ, ಹಳೆಯ ಪೇಟೆಯಲ್ಲಿ ಅಂಗಡಿಯೊಂದರ ಬೆಲೆ ಏರಿದರೆ ಅದನ್ನು ಗುಳ್ಳೆ ಎನ್ನಲು ಆಧಾರವಿಲ್ಲ. ಅಲ್ಲಿ ಶಟರ್ ಖಾಲಿ ಇಲ್ಲ.

ಸಮಸ್ಯೆ ಶುರುವಾಗುವುದು ಊರು ಮುಗಿದ ಮೇಲೆ.

ಅಲ್ಲಿ ಬೆಲೆಯನ್ನು ಎತ್ತುವುದು ಸುದ್ದಿ. ಬೀದರ–ಕಲಬುರಗಿ ರೈಲು ಮಾರ್ಗವನ್ನೇ ತೆಗೆದುಕೊಳ್ಳಿ. 1990ರ ದಶಕದಲ್ಲಿ ಮಂಜೂರಾದ ಈ 110 ಕಿಲೋಮೀಟರ್ ಹಾದಿ ಪೂರ್ತಿಯಾಗಿ ಉದ್ಘಾಟನೆಗೊಂಡದ್ದು 2017ರ ಅಕ್ಟೋಬರ್ 29ರಂದು. ಎರಡು ದಶಕ ಹುಮನಾಬಾದಿನ ಜಾಗಗಳು ‘ರೈಲು ಬರುತ್ತದೆ’ ಎಂಬ ಮಾತಿನ ಮೇಲೆ ಕೈ ಬದಲಾದವು. ರೈಲು ಬಂತು, ಒಳ್ಳೆಯದೇ ಆಯಿತು. ಬಸವಕಲ್ಯಾಣಕ್ಕೆ ಇಂದಿಗೂ ರೈಲು ನಿಲ್ದಾಣವಿಲ್ಲ, ಆದರೆ ‘ಬರುತ್ತದೆ’ ಎಂಬುದು ಅಲ್ಲಿಯೂ ಪ್ಲಾಟಿನ ಜೊತೆಗೇ ಮಾರಾಟವಾಗುತ್ತದೆ. ಬೀದರದ ವಿಮಾನದ ಕಥೆ ಇನ್ನೂ ಪಾಠ ಹೇಳುವಂಥದ್ದು. 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಹಾರಾಟ ಶುರುವಾಯಿತು. ಆಮೇಲೆ ನಿಂತಿತು, ಮತ್ತೆ ಹಾರಿತು, ಮತ್ತೆ ನಿಂತಿತು, ಮತ್ತೆ ಶುರುವಾಯಿತು. ವಿಮಾನ ನಿಂತ ತಿಂಗಳುಗಳಲ್ಲಿ ‘ಏರ್‌ಪೋರ್ಟ್ ಹತ್ತಿರ’ ಎಂಬ ಫಲಕಗಳನ್ನು ಯಾರೂ ಇಳಿಸಲಿಲ್ಲ.

ಬಸವಕಲ್ಯಾಣದ ದೊಡ್ಡ ಸುದ್ದಿ ಹೊಸ ಅನುಭವ ಮಂಟಪ. 2021ರ ಜನವರಿ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸುಮಾರು 500 ಕೋಟಿ ರೂಪಾಯಿಯ ಈ ಯೋಜನೆಗೆ ಅಡಿಗಲ್ಲು ಹಾಕಿದರು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಊರಿಗೆ ಬರುವ ಯಾತ್ರಿಕರು ಹೆಚ್ಚುತ್ತಾರೆ, ಇದರಲ್ಲಿ ಅನುಮಾನವಿಲ್ಲ. ಆದರೆ ಯಾತ್ರಿಕರು ಬೆಳಿಗ್ಗೆ ಬಂದು, 108 ಅಡಿಯ ಬಸವ ಪ್ರತಿಮೆ ನೋಡಿ, ಅಕ್ಕನಾಗಮ್ಮನ ಗವಿ, ಕೋಟೆ ಸುತ್ತಿ ಸಂಜೆಗೆ ಬಸ್ಸು ಹತ್ತುತ್ತಾರೆ. ಅವರಿಗೆ ಬೇಕಾದದ್ದು ಒಂದು ರಾತ್ರಿಯ ವಸತಿ, ಒಳ್ಳೆಯ ಊಟ, ಸ್ವಚ್ಛ ಶೌಚಾಲಯ. ಐವತ್ತು ಲಾಡ್ಜುಗಳಿಗೆ ಬೇಕಾದ ಬೇಡಿಕೆಯನ್ನು ತೋರಿಸಿ ಐದು ಸಾವಿರ ಮನೆ ಪ್ಲಾಟುಗಳನ್ನು ಮಾರಿದರೆ ಲೆಕ್ಕ ಕೂಡುವುದಿಲ್ಲ. ಹತ್ತಿರದಲ್ಲೇ ಮಾಣಿಕನಗರ ಇದೆ. ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಬಳಿ ನೆಲೆನಿಂತ ಊರು ಅದು. ದತ್ತ ಜಯಂತಿಗೆ ಅಲ್ಲಿ ಕಿಕ್ಕಿರಿಯುವ ಜನಜಾತ್ರೆ ಮುಗಿದ ಮರುವಾರ ಕಾಣುವುದಿಲ್ಲ. ಜಾತ್ರೆಯ ಜನಸಂದಣಿ ನೋಡಿ ಊರಿನ ಜನಸಂಖ್ಯೆ ಅಳೆಯಬಾರದು.

ಪೂರ್ವದಿಂದ ಬೀಸುವ ಗಾಳಿ ಇನ್ನೂ ಜೋರು. 2023ರ ಆಗಸ್ಟ್‌ನಲ್ಲಿ ಹೈದರಾಬಾದಿನ ಕೋಕಾಪೇಟದಲ್ಲಿ ಎಕರೆಯೊಂದು ಹರಾಜಿನಲ್ಲಿ 100 ಕೋಟಿ ರೂಪಾಯಿ ದಾಟಿತು. ಮರುವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ 12 ಕೈಗಾರಿಕಾ ನಗರಗಳ ಪಟ್ಟಿಯಲ್ಲಿ ತೆಲಂಗಾಣದ ಜಹೀರಾಬಾದ್ ಇತ್ತು. ಅದು ಹುಮನಾಬಾದಿಗೆ ಇದೇ ಹೆದ್ದಾರಿಯಲ್ಲಿ ನೆರೆಯ ಊರು. ಕೋಕಾಪೇಟದ ದರ ಸಂಗಾರೆಡ್ಡಿಗೆ, ಸಂಗಾರೆಡ್ಡಿಯದು ಜಹೀರಾಬಾದಿಗೆ, ಅಲ್ಲಿಂದ ಗಡಿ ದಾಟಿ ಇತ್ತ. ಹೈದರಾಬಾದಿನಲ್ಲಿ ಫ್ಲಾಟಿನ ಒಂದು ಕೋಣೆಗೂ ಸಾಲದ ದುಡ್ಡಿನಲ್ಲಿ ಇಲ್ಲಿ ಎರಡು ಪ್ಲಾಟು ಬರುತ್ತದೆಂದು ಅಲ್ಲಿ ಕೆಲಸದಲ್ಲಿರುವವನಿಗೆ ಅನಿಸುವುದು ಸಹಜ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹೀಗೆ ಕೊಳ್ಳುವವನು ಇಲ್ಲಿ ಮನೆ ಕಟ್ಟುವುದಿಲ್ಲ. ಬಂದು ನೋಡುವುದೂ ವರ್ಷಕ್ಕೊಮ್ಮೆ, ದೀಪಾವಳಿಗೆ.

ಬೆಲೆ ಏರುವ ಯಂತ್ರದ ಒಳಗನ್ನು ನೋಡಬೇಕಾದರೆ ಇಸಾರದ ಕಾಗದ ತೆರೆಯಬೇಕು. ಹೊಲದ ಯಜಮಾನನ ಜೊತೆ ಎಕರೆಗೆ 40 ಲಕ್ಷಕ್ಕೆ ಮಾತಾಯಿತು ಎನ್ನಿ. ಕೈಗೆ 4 ಲಕ್ಷ ಇಸಾರ, ಉಳಿದದ್ದು ಹನ್ನೊಂದು ತಿಂಗಳೊಳಗೆ. ಇಸಾರ ಕೊಟ್ಟವನು ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದಿಲ್ಲ, ಮುಂದಿನ ಗಿರಾಕಿ ಹುಡುಕುತ್ತಾನೆ. ಎಕರೆ 44 ಲಕ್ಷವಾದರೆ ಅವನ 4 ಲಕ್ಷ 8 ಲಕ್ಷವಾಯಿತು. ದರ ಏರಿದ್ದು ಶೇ 10, ಅವನ ದುಡ್ಡು ಬೆಳೆದದ್ದು ನೂರಕ್ಕೆ ನೂರು. ಎರಡನೆಯವನು ಮೂರನೆಯವನಿಗೆ ದಾಟಿಸುತ್ತಾನೆ. ಕೊನೆಯವನು ಅದನ್ನು ಪ್ಲಾಟು ಹಾಕುತ್ತಾನೆ. ಎಕರೆಗೆ 43,560 ಚದರ ಅಡಿ. ರಸ್ತೆಗೆ, ಉದ್ಯಾನಕ್ಕೆ ಬಿಟ್ಟು 1,200 ಅಡಿಯ ಇಪ್ಪತ್ತರಷ್ಟು ಪ್ಲಾಟು. ಒಂದೊಂದು 6 ಲಕ್ಷವೆಂದರೆ 1 ಕೋಟಿ 20 ಲಕ್ಷ. ಅಮೆರಿಕದ 2008ರ ಗುಳ್ಳೆಯನ್ನು ಊದಿದ್ದು ಬ್ಯಾಂಕುಗಳ ಸಾಲ. ಇಲ್ಲಿ ಎನ್.ಎ. (ಕೃಷಿಯೇತರ ಪರಿವರ್ತನೆ) ಆಗದ ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಹಾಗಾದರೆ ಸಾಲ ಕೊಟ್ಟವರು ಯಾರು? ಹನ್ನೊಂದು ತಿಂಗಳು ಬಡ್ಡಿಯಿಲ್ಲದೆ ಕಾದ ಹೊಲದ ಯಜಮಾನ. ಈ ವ್ಯವಹಾರದಲ್ಲಿ ಬ್ಯಾಂಕಿನ ಕೆಲಸ ಮಾಡುವುದು ಅವನ ತಾಳ್ಮೆ.

ಹೀಗಿರುವುದರಿಂದ ಗುಳ್ಳೆ ಒಡೆಯುವ ರೀತಿಯೂ ಬೇರೆ. ಜಪಾನಿನಲ್ಲಿ 1991ರ ನಂತರ ದೊಡ್ಡ ನಗರಗಳ ನೆಲದ ಬೆಲೆ ವರ್ಷಾನುಗಟ್ಟಲೆ ಇಳಿಯುತ್ತಲೇ ಹೋಯಿತು. ಚೀನಾದ ಎವರ್‌ಗ್ರಾಂಡ್ 300 ಶತಕೋಟಿ ಡಾಲರಿಗೂ ಹೆಚ್ಚಿನ ಹೊರೆ ಹೊತ್ತು ಕುಸಿಯಿತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ಕೋರ್ಟ್ ಅದನ್ನು ಮುಚ್ಚಲು ಆದೇಶಿಸಿತು. ಅವು ಸದ್ದು ಮಾಡಿ ಒಡೆದವು. ಹುಮನಾಬಾದಿನಲ್ಲಿ ಸದ್ದಾಗುವುದಿಲ್ಲ. ಬೆಲೆ ಕೆಳಗಿಳಿಯಿತು ಎಂದು ಯಾರೂ ಹೇಳುವುದಿಲ್ಲ. ‘ಸದ್ಯ ಪಾರ್ಟಿ ಇಲ್ಲ’ ಎನ್ನುತ್ತಾರೆ ಅಷ್ಟೆ. ಮಗಳ ಮದುವೆಗೆಂದು ಪ್ಲಾಟು ಹಿಡಿದ ಶಿಕ್ಷಕ ಮಾರಲು ಹೊರಟಾಗ ದರ ಇದೆ, ಗಿರಾಕಿ ಇಲ್ಲ. ಆತ ಬಡ್ಡಿಗೆ ಸಾಲ ತಂದು ಮದುವೆ ಮಾಡುತ್ತಾನೆ, ಪ್ಲಾಟು ಮಾತ್ರ ‘ಇಷ್ಟು ಲಕ್ಷದ್ದು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಬೆಲೆ ಕಾಗದದಲ್ಲಿ ಉಳಿಯಿತು, ದುಡ್ಡು ಸಿಕ್ಕಿಬಿತ್ತು. ಇಂಥ ಒಡೆತ ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕದಲ್ಲಿ ಕಾಣಿಸದು, ಏಕೆಂದರೆ ಅದು ಎಣಿಸುವುದು ದೊಡ್ಡ ನಗರಗಳನ್ನು.

ಸುದ್ದಿಯ ಮೇಲೆ ನಿಂತ ಬೆಲೆ ಹೇಗೆ ತೂಗುತ್ತದೆ ಎಂಬುದಕ್ಕೆ ಅಮರಾವತಿಗಿಂತ ಸ್ಪಷ್ಟ ಉದಾಹರಣೆ ದಕ್ಷಿಣದಲ್ಲಿ ಇಲ್ಲ. ಆಂಧ್ರದ ಹೊಸ ರಾಜಧಾನಿಗೆ 29 ಹಳ್ಳಿಗಳ ರೈತರು 33,000 ಎಕರೆಗೂ ಹೆಚ್ಚು ಭೂಮಿ ಕೊಟ್ಟರು, 2015ರ ಅಕ್ಟೋಬರ್ 22ರಂದು ಅಡಿಗಲ್ಲು ಬಿತ್ತು, ಬೆಲೆ ಗಗನಕ್ಕೆ ಹೋಯಿತು. 2019ರಲ್ಲಿ ಸರ್ಕಾರ ಬದಲಾಗಿ ಮೂರು ರಾಜಧಾನಿಗಳ ಮಾತು ಬಂದಾಗ ನೆಲಕ್ಕೆ ಬಿತ್ತು. 2024ರಲ್ಲಿ ಸರ್ಕಾರ ಮತ್ತೆ ಬದಲಾಯಿತು, ಬೆಲೆ ಮತ್ತೆ ಎದ್ದಿತು. ಈ ಹತ್ತು ವರ್ಷಗಳಲ್ಲಿ ಆ ಮಣ್ಣಿನ ಗುಣ ಒಂದಿಷ್ಟೂ ಬದಲಾಗಿರಲಿಲ್ಲ.

ಗುಳ್ಳೆಯಿದ್ದಲ್ಲಿ ಮನೆಗಳ ಕೊರತೆ ಇರುವುದಿಲ್ಲ ಎಂದುಕೊಳ್ಳುವುದೂ ತಪ್ಪು. 2012ರಲ್ಲಿ ಕೇಂದ್ರದ ತಜ್ಞರ ಸಮಿತಿ ದೇಶದ ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆ ಎಂದಿತು. ಕೊರತೆಯ ಬಹುಪಾಲು ಬಡವರದು. 2011ರ ಜನಗಣತಿಯಲ್ಲಿ ಅದೇ ನಗರಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿಯಿದ್ದವು. ಮನೆ ಬೇಕಾದವನ ಕೈಯಲ್ಲಿ ದುಡ್ಡಿಲ್ಲ, ದುಡ್ಡಿರುವವನಿಗೆ ಮನೆ ಬೇಕಾಗಿಲ್ಲ. ಬಸವಕಲ್ಯಾಣದ ಪೇಟೆಯಲ್ಲಿ ಹಮಾಲಿ ಮಾಡುವ ಕುಟುಂಬಕ್ಕೆ ಈ ಏರಿಕೆಯ ಅರ್ಥ ಒಂದೇ: ಊರಿನೊಳಗೆ ಖೋಲಿ ಬಾಡಿಗೆ ಹೆಚ್ಚಾಯಿತು, ಸ್ವಂತ ಜಾಗ ಇನ್ನೆರಡು ಮೈಲಿ ಆಚೆ ಸರಿಯಿತು.

ಕಾನೂನು ಇಲ್ಲವೆಂದಲ್ಲ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗಿಂತ ದೊಡ್ಡ ಲೇಔಟ್ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಬೇಕು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ 2015ರಿಂದ ನಿಷೇಧಿಸಿದೆ. 2024ರ ಅಕ್ಟೋಬರ್‌ನಿಂದ ಪಟ್ಟಣಗಳಲ್ಲಿ ಇ-ಖಾತಾ ಇಲ್ಲದೆ ರಜಿಸ್ಟ್ರಿ ಇಲ್ಲ. ಇ-ಖಾತಾ ಕಡ್ಡಾಯವಾದ ಮೇಲೆ ಬರೀ ಬಾಂಡ್ ಕಾಗದದ ಮೇಲೆ ಕೈ ಬದಲಾದ ಪ್ಲಾಟುಗಳ ಯಜಮಾನರು ಕಚೇರಿಗಳಿಗೆ ಅಲೆಯತೊಡಗಿದರು. ಯಾವುದು ನಿಜವಾದ ಆಸ್ತಿ, ಯಾವುದು ಬರೀ ಮಾತು ಎಂಬುದನ್ನು ಅರ್ಥಶಾಸ್ತ್ರಜ್ಞರಿಗಿಂತ ಚೆನ್ನಾಗಿ ಆ ಒಂದು ನಿಯಮ ಬೇರ್ಪಡಿಸಿತು.

ತೀರ್ಪು ಹೇಳಲೇಬೇಕೆಂದರೆ ಇಷ್ಟು. ಬಸವಕಲ್ಯಾಣ, ಹುಮನಾಬಾದಗಳಲ್ಲಿ ಹಳೆಯ ಊರು, ಪೇಟೆ, ಬಸ್ ನಿಲ್ದಾಣದ ಸುತ್ತ, ನೀರು ಚರಂಡಿ ಇರುವ ಬಡಾವಣೆಗಳಲ್ಲಿ ಏರಿದ ಬೆಲೆಯ ಹಿಂದೆ ಇರುವ ಜನರಿದ್ದಾರೆ. ಅದು ಇಳಿಯಲಾರದು. ಹೆದ್ದಾರಿಗುಂಟ ಮೈಲುಗಟ್ಟಲೆ ಹಬ್ಬಿದ ಗಡಿಗಲ್ಲುಗಳ ಬೆಲೆ ಬಹುಮಟ್ಟಿಗೆ ಗುಳ್ಳೆ. ಎರಡಕ್ಕೂ ಚಹಾದ ಅಂಗಡಿಯಲ್ಲಿ ಒಂದೇ ಉಸಿರಿನಲ್ಲಿ ರೇಟು ಹೇಳುವುದರಿಂದ ಗೊಂದಲ ಹುಟ್ಟಿದೆ.

ಈ ತೀರ್ಪನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಿಲ್ಲ. ಎರಡೂ ಊರುಗಳ ಪೌರ ಸಂಸ್ಥೆಗಳ ಕಡತಗಳಲ್ಲಿ ಮಂಜೂರಾದ ಲೇಔಟುಗಳ ಪಟ್ಟಿ ಇದೆ, ಮನೆ ಕಟ್ಟಲು ಕೊಟ್ಟ ಪರವಾನಗಿಗಳ ಪಟ್ಟಿಯೂ ಇದೆ. ಯಾವ ಲೇಔಟಿನಲ್ಲಿ ಎಷ್ಟು ಪ್ಲಾಟು, ಅದರಲ್ಲಿ ಎಷ್ಟಕ್ಕೆ ಮನೆ ಎದ್ದಿದೆ, ಎಷ್ಟಕ್ಕೆ ನಲ್ಲಿ ಬಂದಿದೆ ಎಂಬ ಒಂದು ಹಾಳೆಯನ್ನು ವರ್ಷಕ್ಕೊಮ್ಮೆ ಕಚೇರಿಯ ಗೋಡೆಗೆ ಅಂಟಿಸಲಿ. ಇಸಾರ ಕೊಡುವ ಮುನ್ನ ಜನ ಅದನ್ನು ಓದಲಿ. ಆ ಹಾಳೆ ಬರುವ ತನಕ, ಪ್ಲಾಟು ನೋಡಲು ದಲ್ಲಾಳಿಯ ಕಾರಿನಲ್ಲಿ ಮಧ್ಯಾಹ್ನ ಹೋಗುವವರು ಅದೇ ಮಾಲೀಕ ಐದು ವರ್ಷದ ಹಿಂದೆ ಹಾಕಿದ ಲೇಔಟಿಗೆ ರಾತ್ರಿ ಎಂಟಕ್ಕೆ ತಮ್ಮದೇ ಗಾಡಿಯಲ್ಲಿ ಹೋಗಿ, ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ ಎಂದು ಎಣಿಸಿ ಬರಬೇಕೆಂದು ವಿನಂತಿ.